ಇರಾಕ್ ಯುದ್ಧ ಮತ್ತು ಗುಪ್ತಚರ ವೈಫಲ್ಯ

ಇರಾಕ್ ಯುದ್ಧಕ್ಕೆ ಸಂಬಂಧಿಸಿದ ಗುಪ್ತಚರ ವೈಫಲ್ಯವು 21ನೆಯ ಶತಮಾನದ ಆರಂಭದ ಪ್ರಮುಖ ರಾಜಕೀಯ ವಿವಾದಗಳಲ್ಲಿ ಒಂದು. ಸದ್ದಾಂ ಹುಸೇನ್ ನೇತೃತ್ವದ ಇರಾಕ್ ಬಳಿ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳಿವೆ, ಅದು ಪರಮಾಣು ಅಸ್ತ್ರ ಕಾರ್ಯಕ್ರಮವನ್ನೂ ಪುನರಾರಂಭಿಸಿದೆ ಎಂದು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಬ್ರಿಟನ್ ಸರಕಾರಗಳು 2002–03ರಲ್ಲಿ ಪ್ರತಿಪಾದಿಸಿದವು. ಈ ಪ್ರತಿಪಾದನೆಯನ್ನು ಮುಖ್ಯ ಆಧಾರವಾಗಿಟ್ಟುಕೊಂಡು 2003ರ ಮಾರ್ಚ್ 20ರಂದು ಇರಾಕ್ ಮೇಲೆ ಆಕ್ರಮಣ ನಡೆಯಿತು. ಯುದ್ಧಾನಂತರ ನಡೆದ ವಿಸ್ತೃತ ಶೋಧದಲ್ಲಿ ಅಂತಹ ಅಸ್ತ್ರಗಳ ದಾಸ್ತಾನಾಗಲಿ, ಚಾಲ್ತಿಯಲ್ಲಿದ್ದ ತಯಾರಿಕಾ ಕಾರ್ಯಕ್ರಮವಾಗಲಿ ಪತ್ತೆಯಾಗಲಿಲ್ಲ.

ಅನಂತರದ ತನಿಖೆಗಳು ಎರಡು ಬಗೆಯ ದೋಷಗಳನ್ನು ಗುರುತಿಸಿದವು. ಗುಪ್ತಚರ ಸಂಸ್ಥೆಗಳ ಅಂದಾಜುಗಳೇ ದುರ್ಬಲ ಆಧಾರಗಳ ಮೇಲೆ ನಿಂತಿದ್ದವು ಎಂಬುದು ಮೊದಲನೆಯದು. ಆ ಅಂದಾಜುಗಳಲ್ಲಿದ್ದ ಅನುಮಾನ, ಭಿನ್ನಮತ ಮತ್ತು ಷರತ್ತುಗಳು ಸಾರ್ವಜನಿಕರ ಮುಂದೆ ಬರುವ ವೇಳೆಗೆ ಬಹುಮಟ್ಟಿಗೆ ಕಣ್ಮರೆಯಾಗಿದ್ದವು ಎಂಬುದು ಎರಡನೆಯದು. ಸರಕಾರಗಳ ಮಾತಿನ ಮೇಲಿನ ಜನರ ವಿಶ್ವಾಸಕ್ಕೆ ದೀರ್ಘಕಾಲದ ಪೆಟ್ಟು ನೀಡಿದ್ದು ಮುಖ್ಯವಾಗಿ ಈ ಎರಡನೆಯ ದೋಷ.

ಹಿನ್ನೆಲೆ

ಇರಾಕ್ ರಾಸಾಯನಿಕ ಅಸ್ತ್ರಗಳನ್ನು ಹೊಂದಿತ್ತು ಮತ್ತು ಬಳಸಿತ್ತು ಎಂಬುದರಲ್ಲಿ ವಿವಾದವಿಲ್ಲ. 1980ರ ದಶಕದ ಇರಾನ್–ಇರಾಕ್ ಯುದ್ಧದಲ್ಲಿ ಇರಾನಿ ಸೇನೆಯ ಮೇಲೆ, 1988ರ ಮಾರ್ಚ್‌ನಲ್ಲಿ ಹಲಬ್ಜಾ ಪಟ್ಟಣದ ಕುರ್ದ್ ಜನರ ಮೇಲೆ ಅದು ವಿಷಾನಿಲವನ್ನು ಪ್ರಯೋಗಿಸಿತ್ತು. 1990ರಲ್ಲಿ ಕುವೈತ್ ಆಕ್ರಮಿಸಿ, ಮರುವರ್ಷದ ಕೊಲ್ಲಿ ಯುದ್ಧದಲ್ಲಿ ಇರಾಕ್ ಸೋತಿತು. 1991ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 687ನೆಯ ನಿರ್ಣಯವು ರಾಸಾಯನಿಕ ಹಾಗೂ ಜೈವಿಕ ಅಸ್ತ್ರಗಳನ್ನೂ, 150 ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಬಲ್ಲ ಕ್ಷಿಪಣಿಗಳನ್ನೂ ನಾಶಪಡಿಸುವಂತೆ ಇರಾಕಿಗೆ ಆದೇಶಿಸಿತು. ಇದರ ಮೇಲ್ವಿಚಾರಣೆಗೆ ವಿಶ್ವಸಂಸ್ಥೆಯ ವಿಶೇಷ ಆಯೋಗವೊಂದನ್ನು ರಚಿಸಲಾಯಿತು. ಪರಮಾಣು ವಿಷಯವನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೆ ವಹಿಸಲಾಯಿತು.

ಮುಂದಿನ ಗೊಂದಲಕ್ಕೆಲ್ಲ ಮೂಲವಾದ ಒಂದು ಘಟನೆ 1991ರಲ್ಲೇ ನಡೆಯಿತು. ಇರಾಕ್ ತನ್ನ ಅಸ್ತ್ರಗಳ ಒಂದು ದೊಡ್ಡ ಭಾಗವನ್ನು ತಪಾಸಕರಿಗೆ ತಿಳಿಸದೆ ರಹಸ್ಯವಾಗಿ ನಾಶಪಡಿಸಿತು. ಅದಕ್ಕೆ ಸಮರ್ಪಕ ದಾಖಲೆಗಳನ್ನು ಇಡಲಿಲ್ಲ. ಹೀಗಾಗಿ ಮುಂದೆ ಅಸ್ತ್ರಗಳಿಲ್ಲ ಎಂಬ ಅದರ ಮಾತು ನಿಜವಾಗಿದ್ದರೂ ಅದನ್ನು ಸಾಬೀತುಪಡಿಸುವ ದಾರಿ ಉಳಿದಿರಲಿಲ್ಲ. 1995ರಲ್ಲಿ ಜೋರ್ಡಾನಿಗೆ ಪಲಾಯನ ಮಾಡಿದ ಸದ್ದಾಂ ಅಳಿಯ ಹುಸೇನ್ ಕಾಮೆಲ್, ಅಸ್ತ್ರಗಳೆಲ್ಲ ನಾಶವಾಗಿವೆ ಎಂದು ತಪಾಸಕರಿಗೆ ಹೇಳಿದ್ದರು. ಆದರೆ ಅವರ ಪಲಾಯನದ ನಂತರ ಹೊರಬಂದ ದಾಖಲೆಗಳಿಂದ ಇರಾಕ್ ಹಿಂದೆ ಎಷ್ಟು ಮುಚ್ಚಿಟ್ಟಿತ್ತು ಎಂಬುದೇ ಹೆಚ್ಚು ಗಮನ ಸೆಳೆಯಿತು. 1998ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳ ವೈಮಾನಿಕ ದಾಳಿಗೆ ಮುನ್ನ ತಪಾಸಕರು ದೇಶ ಬಿಟ್ಟರು. ಆ ನಂತರದ ನಾಲ್ಕು ವರ್ಷ ಇರಾಕಿನೊಳಗಿನ ನೇರ ಮಾಹಿತಿ ಹೊರಜಗತ್ತಿಗೆ ಬಹುಮಟ್ಟಿಗೆ ನಿಂತುಹೋಯಿತು.

2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ನಂತರ ಅಮೆರಿಕದ ಆಡಳಿತದಲ್ಲಿ ಅಪಾಯದ ಲೆಕ್ಕಾಚಾರವೇ ಬದಲಾಯಿತು. 2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಇರಾಕ್, ಇರಾನ್ ಮತ್ತು ಉತ್ತರ ಕೊರಿಯಾಗಳನ್ನು ದುಷ್ಟಕೂಟವೆಂದು ಕರೆದರು.

ಯುದ್ಧದ ವಾದ ರೂಪುಗೊಂಡ ಬಗೆ

2002ರ ಆಗಸ್ಟ್ 26ರಂದು ಉಪಾಧ್ಯಕ್ಷ ಡಿಕ್ ಚೇನಿ, ಸದ್ದಾಂ ಬಳಿ ಸಮೂಹನಾಶಕ ಅಸ್ತ್ರಗಳಿರುವುದರಲ್ಲಿ ಸಂದೇಹವೇ ಇಲ್ಲವೆಂದು ಮಾಜಿ ಯೋಧರ ಸಭೆಯೊಂದರಲ್ಲಿ ಸಾರಿದರು. ಆಗ ಈ ವಿಷಯದಲ್ಲಿ ಅಮೆರಿಕದ ಎಲ್ಲ ಗುಪ್ತಚರ ಸಂಸ್ಥೆಗಳ ಒಟ್ಟು ಅಭಿಪ್ರಾಯವನ್ನು ತಿಳಿಸುವ ಹೊಸ ವರದಿ ಇನ್ನೂ ಸಿದ್ಧವಾಗಿರಲಿಲ್ಲ. ಸೆನೆಟ್ ಸದಸ್ಯರ ಒತ್ತಾಯದ ಮೇರೆಗೆ ಸುಮಾರು ಮೂರು ವಾರಗಳಲ್ಲಿ ಅಂತಹ ವರದಿಯನ್ನು, ಅಂದರೆ ರಾಷ್ಟ್ರೀಯ ಗುಪ್ತಚರ ಅಂದಾಜನ್ನು, ತಯಾರಿಸಿ ಅಕ್ಟೋಬರ್ ಆರಂಭದಲ್ಲಿ ಸಲ್ಲಿಸಲಾಯಿತು. ಇರಾಕ್ ಬಳಿ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳಿವೆ, ಪರಮಾಣು ಕಾರ್ಯಕ್ರಮ ಪುನರಾರಂಭವಾಗಿದೆ ಎಂದು ಅದು ಅಭಿಪ್ರಾಯಪಟ್ಟಿತು. ಪರಮಾಣು ವಿಷಯದಲ್ಲಿ ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವು ಲಿಖಿತ ಭಿನ್ನಮತ ದಾಖಲಿಸಿತ್ತು.

ಇದೇ ವರದಿಯ ಸಾರವನ್ನು ಸಾರ್ವಜನಿಕರಿಗಾಗಿ ಪ್ರತ್ಯೇಕವಾಗಿ ಪ್ರಕಟಿಸಲಾಯಿತು. ಮೂಲದಲ್ಲಿ ಹಲವೆಡೆ ಇದು ತಮ್ಮ ಅಭಿಪ್ರಾಯವೆಂದು ಸೂಚಿಸುವ ಪದಗಳಿದ್ದವು. ಪ್ರಕಟಿತ ಸಾರದಲ್ಲಿ ಅವನ್ನು ಕೈಬಿಟ್ಟಿದ್ದರಿಂದ ಅಭಿಪ್ರಾಯಗಳು ಸಂಗತಿಗಳಂತೆ ತೋರಿದವು. 2004ರಲ್ಲಿ ಸೆನೆಟ್ ಗುಪ್ತಚರ ಸಮಿತಿ ಎರಡೂ ಪಠ್ಯಗಳನ್ನು ಹೋಲಿಸಿ ಈ ವ್ಯತ್ಯಾಸವನ್ನು ಎತ್ತಿ ತೋರಿಸಿತು. ಅಕ್ಟೋಬರ್ 10 ಮತ್ತು 11ರಂದು ಅಮೆರಿಕದ ಕಾಂಗ್ರೆಸ್ ಬಲಪ್ರಯೋಗಕ್ಕೆ ಅನುಮತಿ ನೀಡಿತು. ಪ್ರತಿನಿಧಿ ಸಭೆಯಲ್ಲಿ 296–133, ಸೆನೆಟ್‌ನಲ್ಲಿ 77–23 ಮತಗಳು ಬಿದ್ದವು. ಮತ ಹಾಕುವ ಮುನ್ನ ಮೂಲ ವರದಿಯನ್ನು ಪೂರ್ಣವಾಗಿ ಓದಿದ ಸೆನೆಟ್ ಸದಸ್ಯರು ಬೆರಳೆಣಿಕೆಯಷ್ಟು.

ಬ್ರಿಟನ್ ಸರಕಾರವು 2002ರ ಸೆಪ್ಟೆಂಬರ್ 24ರಂದು ಇರಾಕಿನ ಅಸ್ತ್ರಗಳ ಕುರಿತ ಕಡತವೊಂದನ್ನು ಪ್ರಕಟಿಸಿತು. ಗುಪ್ತಚರ ಸಂಸ್ಥೆಗಳ ಜಂಟಿ ಸಮಿತಿಯ ಹೊಣೆಗಾರಿಕೆಯಲ್ಲಿ ಇಂತಹ ದಾಖಲೆಯನ್ನು ಜನರ ಮುಂದಿಟ್ಟಿದ್ದು ಅಪರೂಪದ ಕ್ರಮವಾಗಿತ್ತು. ಅದರ ಮುನ್ನುಡಿಯಲ್ಲಿ ಪ್ರಧಾನಿ ಟೋನಿ ಬ್ಲೇರ್, ಸದ್ದಾಂ ಅಸ್ತ್ರ ತಯಾರಿಕೆ ಮುಂದುವರಿಸಿರುವುದು ಗುಪ್ತಚರ ಮಾಹಿತಿಯಿಂದ ನಿಸ್ಸಂದೇಹವಾಗಿ ಸ್ಥಾಪಿತವಾಗಿದೆ ಎಂಬ ಅರ್ಥದ ಮಾತುಗಳನ್ನು ಬರೆದರು. 2003ರ ಫೆಬ್ರವರಿ ಆರಂಭದಲ್ಲಿ ಎರಡನೆಯ ಕಡತವೊಂದು ಹೊರಬಂದಿತು. ಅದರ ಗಣನೀಯ ಭಾಗವನ್ನು ಸಂಶೋಧಕ ಇಬ್ರಾಹಿಂ ಅಲ್ ಮರಾಶಿ ಅವರ ಲೇಖನದಿಂದ, ಅವರ ಹೆಸರನ್ನೂ ಹೇಳದೆ, ನಕಲು ಮಾಡಲಾಗಿತ್ತು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಗ್ಲೆನ್ ರಂಗವಾಲಾ ಕೆಲವೇ ದಿನಗಳಲ್ಲಿ ಇದನ್ನು ಪತ್ತೆಹಚ್ಚಿದರು.

ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಮಾತನಾಡಿದರು. ಉಪಗ್ರಹ ಚಿತ್ರಗಳು, ಕದ್ದಾಲಿಸಿದ ಸಂಭಾಷಣೆಗಳು ಮತ್ತು ಸಂಚಾರಿ ಪ್ರಯೋಗಾಲಯಗಳ ರೇಖಾಚಿತ್ರಗಳನ್ನು ಮುಂದಿಟ್ಟರು. ಆಡಳಿತದಲ್ಲಿ ಅತ್ಯಂತ ಸಂಯಮಿ ಎಂಬ ಹೆಸರು ಅವರಿಗಿದ್ದುದರಿಂದ ಆ ಭಾಷಣಕ್ಕೆ ವಿಶೇಷ ತೂಕ ಬಂದಿತು. ಅದು ತಮ್ಮ ಸಾರ್ವಜನಿಕ ಜೀವನದ ಮೇಲಿನ ಕಲೆಯೆಂದು ಪೊವೆಲ್ 2005ರಲ್ಲಿ ಒಪ್ಪಿಕೊಂಡರು.

ಪ್ರಮುಖ ಆಧಾರಗಳು ಮತ್ತು ಅವುಗಳ ದೋಷಗಳು

ಅಲ್ಯೂಮಿನಿಯಂ ಕೊಳವೆಗಳು

ಇರಾಕ್ ಕೊಳ್ಳಲೆತ್ನಿಸಿದ ಗಟ್ಟಿ ಅಲ್ಯೂಮಿನಿಯಂ ಕೊಳವೆಗಳು ಯುರೇನಿಯಂ ಸಂವರ್ಧನೆಯ ಸೆಂಟ್ರಿಫ್ಯೂಜ್ ಯಂತ್ರಗಳಿಗಾಗಿ ಎಂಬುದು ಪರಮಾಣು ಕಾರ್ಯಕ್ರಮದ ಆರೋಪಕ್ಕೆ ಮುಖ್ಯ ಆಧಾರವಾಗಿತ್ತು. ಸೆಂಟ್ರಿಫ್ಯೂಜ್ ತಂತ್ರಜ್ಞಾನದಲ್ಲಿ ನಿಜವಾದ ಪರಿಣತಿಯಿದ್ದ ಅಮೆರಿಕದ ಇಂಧನ ಇಲಾಖೆಯ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಕೊಳವೆಗಳ ವ್ಯಾಸ 81 ಮಿಲಿಮೀಟರ್ ಇತ್ತು. ಇರಾಕ್ ಬಹುಕಾಲದಿಂದ ಬಳಸುತ್ತಿದ್ದ ಸಾಂಪ್ರದಾಯಿಕ ಫಿರಂಗಿ ರಾಕೆಟ್ಟುಗಳ ವ್ಯಾಸವೂ ಅಷ್ಟೇ. ಆದರೂ 2002ರ ಸೆಪ್ಟೆಂಬರ್ 8ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಈ ಕೊಳವೆಗಳ ಸುದ್ದಿ ಪ್ರಕಟವಾಯಿತು. ಅಂದೇ ದೂರದರ್ಶನ ಸಂದರ್ಶನಗಳಲ್ಲಿ ಆಡಳಿತದ ಹಿರಿಯರು ಅದನ್ನು ಉಲ್ಲೇಖಿಸಿದರು. ಕೊಳವೆಗಳು ರಾಕೆಟ್ಟುಗಳಿಗಾಗಿಯೇ ಇದ್ದವೆಂದು ಯುದ್ಧಾನಂತರದ ಶೋಧವು ದೃಢಪಡಿಸಿತು.

ನೈಜರ್ ಯುರೇನಿಯಂ

ಇರಾಕ್ ಆಫ್ರಿಕದಿಂದ ಯುರೇನಿಯಂ ಪಡೆಯಲು ಯತ್ನಿಸಿದೆ ಎಂದು ಬುಷ್ 2003ರ ಜನವರಿ 28ರ ವಾರ್ಷಿಕ ಭಾಷಣದಲ್ಲಿ, ಬ್ರಿಟನ್ ಸರಕಾರವನ್ನು ಉಲ್ಲೇಖಿಸಿ ಹೇಳಿದರು. ಸಿಐಎ ನಿರ್ದೇಶಕ ಜಾರ್ಜ್ ಟೆನೆಟ್ ಅವರ ಆಕ್ಷೇಪದಿಂದಾಗಿ ಹಿಂದಿನ ಅಕ್ಟೋಬರ್‌ನ ಭಾಷಣದಿಂದ ಇಂತಹದೇ ಮಾತನ್ನು ತೆಗೆದುಹಾಕಲಾಗಿತ್ತು. ನೈಜರ್ ದೇಶದೊಂದಿಗಿನ ಒಪ್ಪಂದವೆನ್ನಲಾದ ಪತ್ರಗಳು ಪರಮಾಣು ಶಕ್ತಿ ಸಂಸ್ಥೆಯ ಕೈಸೇರಿದಾಗ ಅವು ನಕಲಿಯೆಂದು ಬೇಗನೆ ತಿಳಿಯಿತು. 2000ದ ದಿನಾಂಕವಿದ್ದ ಒಂದು ಪತ್ರದಲ್ಲಿ ವರ್ಷಗಳ ಹಿಂದೆಯೇ ಅಧಿಕಾರ ಬಿಟ್ಟಿದ್ದ ಸಚಿವರ ಸಹಿಯಿತ್ತು. ಸಂಸ್ಥೆಯ ಮಹಾನಿರ್ದೇಶಕ ಮೊಹಮದ್ ಎಲ್‌ಬರಾದಿ ಮಾರ್ಚ್ 7ರಂದು ಭದ್ರತಾ ಮಂಡಳಿಗೆ ಇದನ್ನು ತಿಳಿಸಿದರು. ಬ್ರಿಟನ್ ಮಾತ್ರ ತನ್ನ ಬಳಿ ಬೇರೆ ಮಾಹಿತಿಯಿದೆಯೆಂದು ವಾದಿಸಿತು. ಇರಾಕ್ ಯುರೇನಿಯಂ ಪಡೆಯಲು ಯತ್ನಿಸಿತ್ತೆಂಬ ಹೇಳಿಕೆಗೆ ಆಧಾರವಿತ್ತು ಎಂದು ಮುಂದೆ ಬಟ್ಲರ್ ವರದಿಯೂ ಅಭಿಪ್ರಾಯಪಟ್ಟಿತು.

2002ರಲ್ಲಿ ಸಿಐಎ ಪರವಾಗಿ ನೈಜರ್‌ಗೆ ಭೇಟಿ ನೀಡಿದ್ದ ಮಾಜಿ ರಾಯಭಾರಿ ಜೋಸೆಫ್ ವಿಲ್ಸನ್ 2003ರ ಜುಲೈ 6ರಂದು ಪತ್ರಿಕಾ ಲೇಖನದಲ್ಲಿ ಸರಕಾರದ ವಾದವನ್ನು ಪ್ರಶ್ನಿಸಿದರು. ಒಂದು ವಾರದ ನಂತರ ಅವರ ಪತ್ನಿ ವೆಲರಿ ಪ್ಲೇಮ್ ಸಿಐಎ ಉದ್ಯೋಗಿಯೆಂಬ ಗೋಪ್ಯ ಸಂಗತಿ ಪತ್ರಿಕೆಗಳಲ್ಲಿ ಬಯಲಾಯಿತು. ಈ ಪ್ರಕರಣದ ತನಿಖೆಯಲ್ಲಿ ಸುಳ್ಳು ಸಾಕ್ಷ್ಯ ಮತ್ತು ನ್ಯಾಯಕ್ಕೆ ಅಡ್ಡಿಪಡಿಸಿದ ಅಪರಾಧಗಳಿಗಾಗಿ ಉಪಾಧ್ಯಕ್ಷರ ಸಿಬ್ಬಂದಿ ಮುಖ್ಯಸ್ಥ ಲೂಯಿಸ್ ಲಿಬ್ಬಿ 2007ರಲ್ಲಿ ದೋಷಿಯೆಂದು ತೀರ್ಮಾನವಾಯಿತು. ಅವರ ಸೆರೆವಾಸವನ್ನು ಬುಷ್ ರದ್ದುಪಡಿಸಿದರು. 2018ರಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪೂರ್ಣ ಕ್ಷಮಾದಾನ ನೀಡಿದರು.

ಕರ್ವ್‌ಬಾಲ್

ಪೊವೆಲ್ ವರ್ಣಿಸಿದ ಸಂಚಾರಿ ಜೈವಿಕ ಪ್ರಯೋಗಾಲಯಗಳ ಕಥೆಗೆ ಮುಖ್ಯ ಮೂಲ, ಕರ್ವ್‌ಬಾಲ್ ಎಂಬ ಗುಪ್ತನಾಮದ ಒಬ್ಬ ವ್ಯಕ್ತಿ. 1999ರಲ್ಲಿ ಜರ್ಮನಿಗೆ ಬಂದು ಆಶ್ರಯ ಕೋರಿದ್ದ ಇರಾಕಿ ರಾಸಾಯನಿಕ ಎಂಜಿನಿಯರ್ ರಫೀದ್ ಅಹ್ಮದ್ ಅಲ್ವಾನ್ ಅಲ್ ಜನಾಬಿ ಎಂಬವರೇ ಇವರು. ಜರ್ಮನಿಯ ಗುಪ್ತಚರ ಸಂಸ್ಥೆ ಬಿಎನ್‌ಡಿ ಅವರನ್ನು ವಿಚಾರಣೆಗೊಳಪಡಿಸಿತು. ಆ ಮಾಹಿತಿ ಸುಮಾರು ನೂರು ವರದಿಗಳ ರೂಪದಲ್ಲಿ ಅಮೆರಿಕಕ್ಕೆ ತಲುಪಿತು. ಆದರೆ ಅಮೆರಿಕದ ಅಧಿಕಾರಿಗಳಿಗೆ ಯುದ್ಧಕ್ಕೆ ಮುನ್ನ ಅವರನ್ನು ನೇರವಾಗಿ ಪ್ರಶ್ನಿಸುವ ಅವಕಾಶ ದೊರೆಯಲಿಲ್ಲ. ಅವರ ವಿಶ್ವಾಸಾರ್ಹತೆಯ ಬಗ್ಗೆ ಕೆಲವರು ವ್ಯಕ್ತಪಡಿಸಿದ ಸಂಶಯ ಮೇಲಿನ ಹಂತಕ್ಕೆ ಪರಿಣಾಮಕಾರಿಯಾಗಿ ಮುಟ್ಟಲಿಲ್ಲ. 2004ರಲ್ಲಿ ಸಿಐಎ ಈ ಮಾಹಿತಿಯನ್ನು ಕಟ್ಟುಕಥೆಯೆಂದು ತಳ್ಳಿಹಾಕಿತು. ಸದ್ದಾಂ ಆಳ್ವಿಕೆಯನ್ನು ಉರುಳಿಸುವ ಸಲುವಾಗಿ ಸುಳ್ಳು ಹೇಳಿದ್ದಾಗಿ ಅಲ್ ಜನಾಬಿ 2011ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಗೆ ತಿಳಿಸಿದರು.

45 ನಿಮಿಷಗಳ ಪ್ರತಿಪಾದನೆ

ಆದೇಶ ಬಂದ 45 ನಿಮಿಷಗಳೊಳಗೆ ಇರಾಕ್ ರಾಸಾಯನಿಕ ಅಥವಾ ಜೈವಿಕ ಅಸ್ತ್ರಗಳನ್ನು ಪ್ರಯೋಗಿಸಬಲ್ಲದು ಎಂದು ಬ್ರಿಟನ್ನಿನ ಸೆಪ್ಟೆಂಬರ್ ಕಡತ ಹೇಳಿತ್ತು. ಮೂಲ ಮಾಹಿತಿಯನ್ನು ಯುದ್ಧಭೂಮಿಯಲ್ಲಿ ಬಳಸುವ ಅಲ್ಪದೂರದ ಶೆಲ್ಲುಗಳಿಗೆ ಸಂಬಂಧಿಸಿದ್ದೆಂದು ಗ್ರಹಿಸಲಾಗಿತ್ತು. ದೂರದ ದೇಶಗಳನ್ನು ತಲುಪುವ ಕ್ಷಿಪಣಿಗಳಿಗಲ್ಲ. ಕಡತದಲ್ಲಿ ಈ ವ್ಯತ್ಯಾಸವನ್ನು ಹೇಳಿರಲಿಲ್ಲ. ಮರುದಿನದ ಕೆಲವು ಪತ್ರಿಕೆಗಳು ಬ್ರಿಟಿಷರಿಗೆ ವಿನಾಶ ಮುಕ್ಕಾಲು ಗಂಟೆಯಷ್ಟು ಸನಿಹದಲ್ಲಿದೆ ಎಂಬರ್ಥದ ಶೀರ್ಷಿಕೆಗಳನ್ನು ಮುದ್ರಿಸಿದವು. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಬಂದಿದ್ದ ಈ ಮಾಹಿತಿಯನ್ನು ಬ್ರಿಟನ್ನಿನ ಗುಪ್ತಚರ ಸಂಸ್ಥೆ ಹಿಂತೆಗೆದುಕೊಂಡಿದೆಯೆಂದು ವಿದೇಶಾಂಗ ಸಚಿವ ಜಾಕ್ ಸ್ಟ್ರಾ 2004ರ ಅಕ್ಟೋಬರ್‌ನಲ್ಲಿ ಸಂಸತ್ತಿಗೆ ತಿಳಿಸಿದರು.

ಅಲ್ ಖೈದಾ ಸಂಬಂಧ

ಇರಾಕ್ ಅಲ್ ಖೈದಾ ಸಂಘಟನೆಗೆ ರಾಸಾಯನಿಕ ಹಾಗೂ ಜೈವಿಕ ಅಸ್ತ್ರಗಳ ತರಬೇತಿ ನೀಡಿದೆ ಎಂಬ ಮಾತು ಇಬ್ನ್ ಅಲ್ ಶೇಖ್ ಅಲ್ ಲಿಬಿ ಎಂಬ ಬಂಧಿತನ ಹೇಳಿಕೆಯನ್ನು ಆಧರಿಸಿತ್ತು. ಅಮೆರಿಕವು ಆತನನ್ನು ಈಜಿಪ್ಟಿಗೆ ಒಪ್ಪಿಸಿತ್ತು. ಅಲ್ಲಿ ಚಿತ್ರಹಿಂಸೆ ತಾಳಲಾರದೆ ಹಾಗೆ ಹೇಳಿದ್ದಾಗಿ ಆತ ಅನಂತರ ಹೇಳಿಕೆಯನ್ನು ಹಿಂತೆಗೆದುಕೊಂಡ. ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯು 2002ರ ಫೆಬ್ರವರಿಯಲ್ಲೇ ಈತನ ಮಾತನ್ನು ಶಂಕಿಸಿತ್ತು. ಇರಾಕ್ ಮತ್ತು ಅಲ್ ಖೈದಾ ನಡುವೆ ಕಾರ್ಯಾಚರಣೆಯ ಸಹಯೋಗವಿದ್ದುದಕ್ಕೆ ಸಾಕ್ಷ್ಯವಿಲ್ಲವೆಂದು ಸೆಪ್ಟೆಂಬರ್ 11ರ ದಾಳಿಯ ತನಿಖಾ ಆಯೋಗ 2004ರಲ್ಲಿ ತೀರ್ಮಾನಿಸಿತು.

ತಪಾಸಕರ ವರದಿಗಳು

2002ರ ನವೆಂಬರ್ 8ರಂದು ಭದ್ರತಾ ಮಂಡಳಿಯು 1441ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿ ಇರಾಕಿಗೆ ಕೊನೆಯ ಅವಕಾಶ ನೀಡಿತು. ನವೆಂಬರ್ ಕೊನೆಯಲ್ಲಿ, ಸ್ವೀಡನ್ನಿನ ರಾಜತಾಂತ್ರಿಕ ಹಾನ್ಸ್ ಬ್ಲಿಕ್ಸ್ ನೇತೃತ್ವದ ತಪಾಸಣಾ ಆಯೋಗವು ಕೆಲಸ ಆರಂಭಿಸಿತು. ಮುಂದಿನ ಮೂರೂವರೆ ತಿಂಗಳಲ್ಲಿ ಅದು 700ಕ್ಕೂ ಹೆಚ್ಚು ತಪಾಸಣೆಗಳನ್ನು ನಡೆಸಿತು. ಅನುಮತಿಸಿದ ದೂರವನ್ನು ಮೀರುತ್ತಿದ್ದ ಅಲ್ ಸಮೂದ್ 2 ಕ್ಷಿಪಣಿಗಳನ್ನು ಗುರುತಿಸಿ, ಅವುಗಳಲ್ಲಿ ಸುಮಾರು 70ನ್ನು ನಾಶಪಡಿಸಿತು. ನಿಷೇಧಿತ ಅಸ್ತ್ರಗಳ ದಾಸ್ತಾನು ಮಾತ್ರ ಸಿಗಲಿಲ್ಲ. ಲೆಕ್ಕ ಸಿಗದ ವಸ್ತುಗಳು ಇನ್ನೂ ಇವೆಯೆಂದು ಬ್ಲಿಕ್ಸ್ ಹೇಳಿದರು. ಆದರೆ ಲೆಕ್ಕ ಸಿಗದಿರುವುದೆಂದರೆ ಆ ವಸ್ತುಗಳು ಅಸ್ತಿತ್ವದಲ್ಲಿವೆ ಎಂದು ಭಾವಿಸಬಾರದೆಂದೂ ಎಚ್ಚರಿಸಿದರು. ಉಳಿದ ಕೆಲಸಕ್ಕೆ ವರ್ಷಗಳು ಬೇಡ, ತಿಂಗಳುಗಳು ಸಾಕು ಎಂಬುದು ಅವರ ಅಂದಾಜಾಗಿತ್ತು. ಆ ಕಾಲಾವಕಾಶ ಅವರಿಗೆ ದೊರೆಯಲಿಲ್ಲ.

ಸಾರ್ವಜನಿಕ ಅಪನಂಬಿಕೆ

ಯುದ್ಧಕ್ಕೆ ಮುನ್ನ

ಅಪನಂಬಿಕೆಯು ಯುದ್ಧದ ನಂತರವಷ್ಟೇ ಹುಟ್ಟಿದ್ದಲ್ಲ. 2003ರ ಫೆಬ್ರವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಯುದ್ಧವಿರೋಧಿ ಮೆರವಣಿಗೆಗಳು ನಡೆದವು. ಲಂಡನ್ನಿನಲ್ಲಿ ಪಾಲ್ಗೊಂಡವರ ಸಂಖ್ಯೆ ಪೊಲೀಸರ ಅಂದಾಜಿನಂತೆ ಸುಮಾರು ಏಳೂವರೆ ಲಕ್ಷ. ಸಂಘಟಕರ ಪ್ರಕಾರ 20 ಲಕ್ಷದವರೆಗೆ. ಫ್ರಾನ್ಸ್, ಜರ್ಮನಿ ಮತ್ತು ರಷ್ಯಾ ಸರಕಾರಗಳು ತಪಾಸಣೆ ಮುಂದುವರಿಯಬೇಕೆಂದು ಬಯಸಿದವು.

ವ್ಯವಸ್ಥೆಯ ಒಳಗಿನವರಲ್ಲಿಯೂ ಕೆಲವರು ಹೊರನಡೆದರು. ಆಸ್ಟ್ರೇಲಿಯದ ಗುಪ್ತಚರ ವಿಶ್ಲೇಷಕ ಆಂಡ್ರ್ಯೂ ವಿಲ್ಕಿ ಯುದ್ಧಾರಂಭಕ್ಕೆ ಕೆಲವೇ ದಿನ ಮುಂಚೆ ರಾಜೀನಾಮೆ ನೀಡಿದರು. ಬ್ರಿಟನ್ನಿನ ಮಾಜಿ ವಿದೇಶಾಂಗ ಸಚಿವರೂ ಆಗ ಸಂಪುಟದ ಸದಸ್ಯರೂ ಆಗಿದ್ದ ರಾಬಿನ್ ಕುಕ್ ಮಾರ್ಚ್ 17ರಂದು ರಾಜೀನಾಮೆ ನೀಡಿ, ಸಾಮಾನ್ಯ ಅರ್ಥದಲ್ಲಿ ಸಮೂಹನಾಶಕವೆನ್ನಬಹುದಾದ ಅಸ್ತ್ರಗಳು ಇರಾಕ್ ಬಳಿ ಬಹುಶಃ ಇಲ್ಲವೆಂದು ಕಾಮನ್ಸ್ ಸಭೆಗೆ ತಿಳಿಸಿದರು. ಬ್ರಿಟನ್ನಿನ ಸಂವಹನ ಗುಪ್ತಚರ ಸಂಸ್ಥೆಯ ಅನುವಾದಕಿ ಕ್ಯಾಥರಿನ್ ಗನ್, ಭದ್ರತಾ ಮಂಡಳಿಯ ಸದಸ್ಯ ದೇಶಗಳ ಪ್ರತಿನಿಧಿಗಳ ಮಾತುಗಳನ್ನು ಕದ್ದಾಲಿಸಲು ಅಮೆರಿಕ ನೆರವು ಕೋರಿದ್ದ ಪತ್ರವನ್ನು ಬಹಿರಂಗಪಡಿಸಿದರು. ಅವರ ಮೇಲಿನ ಮೊಕದ್ದಮೆಯನ್ನು 2004ರಲ್ಲಿ ಕೈಬಿಡಲಾಯಿತು. ಮಾರ್ಚ್ 18ರಂದು ಕಾಮನ್ಸ್ ಸಭೆ 412–149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ನೀಡಿತು. ಅದಕ್ಕೆ ಮುನ್ನ, ಯುದ್ಧಕ್ಕೆ ಸಮರ್ಥನೆ ಇನ್ನೂ ಸಾಬೀತಾಗಿಲ್ಲ ಎಂಬ ತಿದ್ದುಪಡಿಗೆ 217 ಸದಸ್ಯರು ಮತ ಹಾಕಿದ್ದರು. ಅವರಲ್ಲಿ 139 ಮಂದಿ ಆಳುವ ಲೇಬರ್ ಪಕ್ಷದವರು.

ಮಾಧ್ಯಮಗಳ ಪಾತ್ರ

ಅಮೆರಿಕದ ಪ್ರಮುಖ ಪತ್ರಿಕೆಗಳು ಸರಕಾರದ ವಾದವನ್ನು ಸಾಕಷ್ಟು ಪರೀಕ್ಷಿಸಲಿಲ್ಲವೆಂಬ ಟೀಕೆ ವ್ಯಾಪಕವಾಗಿದೆ. ತನ್ನ ವರದಿಗಾರಿಕೆ ಇರಬೇಕಾದಷ್ಟು ಕಟ್ಟುನಿಟ್ಟಾಗಿರಲಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ 2004ರ ಮೇ 26ರಂದು ಸಂಪಾದಕೀಯ ಟಿಪ್ಪಣಿಯಲ್ಲಿ ಒಪ್ಪಿಕೊಂಡಿತು. ಇದಕ್ಕೆ ಗಮನಾರ್ಹ ಅಪವಾದ ನೈಟ್ ರಿಡ್ಡರ್ ಸುದ್ದಿಸಂಸ್ಥೆ. ಅದರ ವರದಿಗಾರರಾದ ಜೊನಾಥನ್ ಲ್ಯಾಂಡೆ ಮತ್ತು ವಾರೆನ್ ಸ್ಟ್ರೋಬೆಲ್ ಮಧ್ಯಮ ಹಂತದ ಅಧಿಕಾರಿಗಳೊಡನೆ ಮಾತನಾಡಿ, ಗುಪ್ತಚರ ವಲಯದೊಳಗಿನ ಭಿನ್ನಮತವನ್ನು ಯುದ್ಧಕ್ಕೆ ಮುನ್ನವೇ ವರದಿ ಮಾಡಿದ್ದರು.

ಬ್ರಿಟನ್ನಿನಲ್ಲಿ ವಿವಾದವು ದುರಂತದ ತಿರುವು ಪಡೆಯಿತು. ಸೆಪ್ಟೆಂಬರ್ ಕಡತವನ್ನು ಸರಕಾರ ಉತ್ಪ್ರೇಕ್ಷೆಗೊಳಿಸಿತ್ತೆಂದು ಬಿಬಿಸಿ ವರದಿಗಾರ ಆಂಡ್ರ್ಯೂ ಗಿಲಿಗನ್ 2003ರ ಮೇ 29ರಂದು ಆರೋಪಿಸಿದರು. ಅವರ ಮಾಹಿತಿಯ ಮೂಲವೆಂದು ಹೆಸರು ಬಯಲಾದ ಅಸ್ತ್ರತಜ್ಞ ಡೇವಿಡ್ ಕೆಲ್ಲಿ ಜುಲೈನಲ್ಲಿ ಮೃತಪಟ್ಟರು. 2004ರ ಜನವರಿಯ ಹಟ್ಟನ್ ವರದಿಯು ಅದು ಆತ್ಮಹತ್ಯೆಯೆಂದು ತೀರ್ಮಾನಿಸಿತು. ಸರಕಾರವನ್ನು ಬಹುಮಟ್ಟಿಗೆ ದೋಷಮುಕ್ತಗೊಳಿಸಿ ಬಿಬಿಸಿಯನ್ನು ಟೀಕಿಸಿತು. ಬಿಬಿಸಿಯ ಅಧ್ಯಕ್ಷ ಗ್ಯಾವಿನ್ ಡೇವಿಸ್ ಮತ್ತು ಮಹಾನಿರ್ದೇಶಕ ಗ್ರೆಗ್ ಡೈಕ್ ಇಬ್ಬರೂ ರಾಜೀನಾಮೆ ನೀಡಿದರು.

ಭಾರತದ ನಿಲುವು

ವಿಶ್ವಸಂಸ್ಥೆಯ ಮೂಲಕವೇ ಸಮಸ್ಯೆ ಬಗೆಹರಿಯಬೇಕೆಂಬುದು ಅಟಲ್ ಬಿಹಾರಿ ವಾಜಪೇಯಿ ಸರಕಾರದ ನಿಲುವಾಗಿತ್ತು. 2003ರ ಏಪ್ರಿಲ್ 8ರಂದು ಲೋಕಸಭೆ ಈ ಸೇನಾ ಕಾರ್ಯಾಚರಣೆಯ ವಿರುದ್ಧ ಸರ್ವಾನುಮತದ ನಿರ್ಣಯ ಅಂಗೀಕರಿಸಿತು. ಹಿಂದಿ ಪಠ್ಯದಲ್ಲಿ ‘ನಿಂದಾ’ ಎಂಬ ಪದ ಬಳಕೆಯಾಗಿ, ಇಂಗ್ಲಿಷ್ ಪಠ್ಯದಲ್ಲಿ ವಿಷಾದಕ್ಕೆ ಹತ್ತಿರವಾದ ಸೌಮ್ಯ ಪದ ಬಳಕೆಯಾದದ್ದು ಆಗ ಚರ್ಚೆಗೆ ವಸ್ತುವಾಯಿತು. ಇರಾಕಿಗೆ ಸೇನೆ ಕಳುಹಿಸುವಂತೆ ಅಮೆರಿಕ ಮಾಡಿದ ಕೋರಿಕೆಯನ್ನು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲವೆಂಬ ಕಾರಣಕ್ಕೆ, ಭಾರತ ಸರಕಾರ ಜುಲೈ 14ರಂದು ನಿರಾಕರಿಸಿತು.

ಯುದ್ಧಾನಂತರದ ಶೋಧ

ಅಸ್ತ್ರಗಳ ಪತ್ತೆಗಾಗಿ ಅಮೆರಿಕವು ಇರಾಕ್ ಸಮೀಕ್ಷಾ ತಂಡವನ್ನು ರಚಿಸಿತು. ಅದರ ಮೊದಲ ಮುಖ್ಯಸ್ಥ ಡೇವಿಡ್ ಕೇ ರಾಜೀನಾಮೆಯ ನಂತರ 2004ರ ಜನವರಿ 28ರಂದು ಸೆನೆಟ್ ಸಮಿತಿಯ ಮುಂದೆ ಹಾಜರಾಗಿ, ತಾವೂ ಸೇರಿದಂತೆ ಬಹುತೇಕ ಎಲ್ಲರ ಅಂದಾಜೂ ತಪ್ಪಾಗಿತ್ತೆಂದು ಹೇಳಿದರು. ಅವರ ಉತ್ತರಾಧಿಕಾರಿ ಚಾರ್ಲ್ಸ್ ಡ್ಯುಯೆಲ್ಫರ್ ಅವರ ವರದಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಇರಾಕ್ ತನ್ನ ರಾಸಾಯನಿಕ ಅಸ್ತ್ರಗಳ ದಾಸ್ತಾನನ್ನು 1991ರಲ್ಲೇ ನಾಶಪಡಿಸಿತ್ತು, ಪರಮಾಣು ಕಾರ್ಯಕ್ರಮವೂ ಅದೇ ವರ್ಷ ನಿಂತುಹೋಗಿತ್ತು ಎಂದು ಅದು ತೀರ್ಮಾನಿಸಿತು. ಆರ್ಥಿಕ ದಿಗ್ಬಂಧನ ತೆರವಾದ ಮೇಲೆ ಅಸ್ತ್ರ ಸಾಮರ್ಥ್ಯವನ್ನು ಮರಳಿ ಪಡೆಯುವ ಇಚ್ಛೆ ಸದ್ದಾಂ ಅವರಿಗಿತ್ತೆಂದೂ, ಇರಾನಿನ ಭಯದಿಂದ ತಮ್ಮ ಬಲದ ಬಗ್ಗೆ ಉದ್ದೇಶಪೂರ್ವಕವಾಗಿ ಅಸ್ಪಷ್ಟತೆ ಉಳಿಸಿಕೊಂಡಿದ್ದರೆಂದೂ ಹೇಳಿತು.

2004ರ ನಂತರದ ವರ್ಷಗಳಲ್ಲಿ ಅಮೆರಿಕದ ಸೈನಿಕರಿಗೆ ಸುಮಾರು 5,000 ಹಳೆಯ ರಾಸಾಯನಿಕ ಶೆಲ್ಲುಗಳು ಮತ್ತು ಸಿಡಿತಲೆಗಳು ಅಲ್ಲಲ್ಲಿ ಸಿಕ್ಕವು. ಕೆಲವು ಸೈನಿಕರು ಅವುಗಳಿಂದ ಗಾಯಗೊಂಡರು. ಇವೆಲ್ಲ 1991ಕ್ಕೆ ಮುಂಚಿನ ತುಕ್ಕು ಹಿಡಿದ ಅವಶೇಷಗಳಾಗಿದ್ದು, ಯುದ್ಧದ ಸಮರ್ಥನೆಗೆ ಹೇಳಲಾಗಿದ್ದ ಚಾಲ್ತಿಯಲ್ಲಿರುವ ಕಾರ್ಯಕ್ರಮಕ್ಕೆ ಸಾಕ್ಷ್ಯವಾಗಲಿಲ್ಲ.

ತನಿಖೆಗಳು

ಅಮೆರಿಕದ ಸೆನೆಟ್ ಗುಪ್ತಚರ ಸಮಿತಿಯು 2004ರ ಜುಲೈ ವರದಿಯಲ್ಲಿ, ರಾಷ್ಟ್ರೀಯ ಅಂದಾಜಿನ ಮುಖ್ಯ ತೀರ್ಮಾನಗಳಲ್ಲಿ ಬಹುಪಾಲು ಉತ್ಪ್ರೇಕ್ಷಿತ ಅಥವಾ ಆಧಾರರಹಿತವೆಂದು ಹೇಳಿತು. 2005ರ ಮಾರ್ಚ್‌ನ ರಾಬ್–ಸಿಲ್ಬರ್‌ಮನ್ ಆಯೋಗವು ಬಹುತೇಕ ಎಲ್ಲ ಅಂದಾಜುಗಳೂ ಸಂಪೂರ್ಣ ತಪ್ಪಾಗಿದ್ದವೆಂದು ವರದಿ ಮಾಡಿತು. ವಿಶ್ಲೇಷಕರು ರಾಜಕೀಯ ಒತ್ತಡಕ್ಕೆ ಮಣಿದು ತೀರ್ಮಾನ ಬದಲಿಸಿದ್ದಕ್ಕೆ ಸಾಕ್ಷ್ಯ ದೊರೆಯಲಿಲ್ಲವೆಂದೂ ಹೇಳಿತು. ಸರಕಾರವು ಗುಪ್ತಚರ ಮಾಹಿತಿಯನ್ನು ಬಳಸಿಕೊಂಡ ರೀತಿಯ ಪರಿಶೀಲನೆ ಆ ಆಯೋಗದ ವ್ಯಾಪ್ತಿಯಲ್ಲಿರಲಿಲ್ಲ. ಆ ಪ್ರಶ್ನೆಗೆ ಸೆನೆಟ್ ಸಮಿತಿಯ ಎರಡನೆಯ ಹಂತದ ವರದಿ ಬಂದದ್ದು 2008ರ ಜೂನ್‌ನಲ್ಲಿ.

ಬ್ರಿಟನ್ನಿನಲ್ಲಿ 2004ರ ಜುಲೈ 14ರ ಬಟ್ಲರ್ ವರದಿಯು ಉದ್ದೇಶಪೂರ್ವಕ ತಿರುಚುವಿಕೆ ಕಂಡುಬಂದಿಲ್ಲವೆಂದಿತು. ಆದರೆ ಗುಪ್ತಚರ ಮಾಹಿತಿಯ ಮೇಲೆ ಅದು ಹೊರಲಾರದಷ್ಟು ಭಾರ ಹೇರಲಾಗಿತ್ತೆಂದೂ, 45 ನಿಮಿಷಗಳ ಮಾತನ್ನು ಅದು ಯಾವ ಅಸ್ತ್ರಗಳಿಗೆ ಸಂಬಂಧಿಸಿದ್ದೆಂದು ಹೇಳದೆ ಕಡತದಲ್ಲಿ ಸೇರಿಸಬಾರದಾಗಿತ್ತೆಂದೂ ಟೀಕಿಸಿತು. 2005ರ ಮೇ 1ರಂದು ಸಂಡೇ ಟೈಮ್ಸ್ ಪತ್ರಿಕೆ 2002ರ ಜುಲೈ 23ರ ಗೋಪ್ಯ ಸಭೆಯ ಟಿಪ್ಪಣಿಯನ್ನು ಪ್ರಕಟಿಸಿತು. ವಾಷಿಂಗ್‌ಟನ್ನಿನಲ್ಲಿ ಮಾಹಿತಿಯನ್ನು ನೀತಿಗೆ ತಕ್ಕಂತೆ ಹೊಂದಿಸಲಾಗುತ್ತಿದೆ ಎಂಬ ಎಂಐ6 ಮುಖ್ಯಸ್ಥರ ಅಭಿಪ್ರಾಯ ಅದರಲ್ಲಿ ದಾಖಲಾಗಿತ್ತು.

ಅತ್ಯಂತ ವಿಸ್ತಾರವಾದುದು ಜಾನ್ ಚಿಲ್ಕಾಟ್ ಅಧ್ಯಕ್ಷತೆಯ ವಿಚಾರಣೆ. 2009ರಲ್ಲಿ ಆರಂಭವಾದ ಇದರ ವರದಿ 2016ರ ಜುಲೈ 6ರಂದು 12 ಸಂಪುಟಗಳಲ್ಲಿ, ಸುಮಾರು 26 ಲಕ್ಷ ಪದಗಳಲ್ಲಿ ಪ್ರಕಟವಾಯಿತು. ನಿಶ್ಶಸ್ತ್ರೀಕರಣದ ಶಾಂತಿಯುತ ಮಾರ್ಗಗಳು ಮುಗಿಯುವ ಮುನ್ನವೇ ಬ್ರಿಟನ್ ಯುದ್ಧಕ್ಕೆ ಇಳಿಯಿತು. ಇರಾಕಿನ ಅಸ್ತ್ರಗಳ ಅಪಾಯವನ್ನು ಸಮರ್ಥನೀಯವಲ್ಲದ ಖಚಿತತೆಯಿಂದ ಮಂಡಿಸಲಾಯಿತು ಎಂಬುವು ಅದರ ಮುಖ್ಯ ತೀರ್ಮಾನಗಳು. 2002ರ ಸೆಪ್ಟೆಂಬರ್‌ನ ಒಂದು ಗುಪ್ತಚರ ವರದಿಯಲ್ಲಿದ್ದ ಗಾಜಿನ ಧಾರಕಗಳ ವರ್ಣನೆಯು ‘ದಿ ರಾಕ್’ ಎಂಬ ಹಾಲಿವುಡ್ ಚಲನಚಿತ್ರವನ್ನು ಹೋಲುತ್ತದೆಂದು ಆಗಲೇ ಗಮನಕ್ಕೆ ಬಂದಿದ್ದ ಸಂಗತಿಯೂ ವರದಿಯಲ್ಲಿದೆ. ಯುದ್ಧದ ಬೆಲೆಯನ್ನೂ ವರದಿ ದಾಖಲಿಸಿತು. 179 ಬ್ರಿಟಿಷ್ ಯೋಧರು ಮಡಿದರು. 2009ರ ಜುಲೈ ವೇಳೆಗೆ ಕನಿಷ್ಠ ಒಂದೂವರೆ ಲಕ್ಷ ಇರಾಕಿಗಳು ಸತ್ತಿದ್ದರು, ಹತ್ತು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡಿದ್ದರು. ಇದೇ ಯುದ್ಧದಲ್ಲಿ ಸತ್ತ ಅಮೆರಿಕದ ಯೋಧರ ಸಂಖ್ಯೆ 4,400ನ್ನು ಮೀರುತ್ತದೆ.

ವೈಫಲ್ಯದ ಕಾರಣಗಳು

ತನಿಖಾ ವರದಿಗಳು ಸಾಮಾನ್ಯವಾಗಿ ಗುರುತಿಸಿದ ಕಾರಣಗಳು ಇವು.

ಪೂರ್ವಗ್ರಹ: 1991ಕ್ಕೆ ಮುನ್ನ ಇರಾಕಿನ ಪರಮಾಣು ಸಾಮರ್ಥ್ಯವನ್ನು ಕಡಿಮೆ ಅಂದಾಜು ಮಾಡಿದ್ದ ಸಂಸ್ಥೆಗಳು ಮತ್ತೆ ಹಾಗಾಗಬಾರದೆಂಬ ಎಚ್ಚರಿಕೆಯಲ್ಲಿ ವಿರುದ್ಧ ದಿಕ್ಕಿಗೆ ವಾಲಿದವು. ಅಸ್ತ್ರಗಳಿವೆಯೆಂದು ಮೊದಲೇ ನಂಬಿದ್ದರಿಂದ, ಅವು ಕಾಣದಿದ್ದುದೂ ಇರಾಕಿನ ವಂಚನಾ ಚಾತುರ್ಯಕ್ಕೆ ಸಾಕ್ಷಿಯೆನಿಸಿತು.

ಮೂಲಗಳ ಕೊರತೆ: 1998ರ ನಂತರ ಇರಾಕಿನೊಳಗೆ ವಿಶ್ವಾಸಾರ್ಹ ಮೂಲಗಳು ತೀರ ಕಡಿಮೆಯಿದ್ದವು. ದೇಶಭ್ರಷ್ಟರ ಮಾತುಗಳಿಗೆ ಹೆಚ್ಚಿನ ಬೆಲೆ ಬಂದಿತು. ಒಂದೇ ಮೂಲದ ಮಾಹಿತಿ ಹಲವು ವರದಿಗಳಲ್ಲಿ ಕಾಣಿಸಿಕೊಂಡಾಗ ಅದು ಹಲವು ಮೂಲಗಳ ಸಮರ್ಥನೆಯಂತೆ ತೋರಿತು.

ಭಿನ್ನಮತದ ಸೋಸುವಿಕೆ: ವಿಷಯ ತಜ್ಞರ ಆಕ್ಷೇಪಗಳು ಅಡಿಟಿಪ್ಪಣಿಗಳಲ್ಲಿ ಉಳಿದವು. ವರದಿಯು ಹಂತಹಂತವಾಗಿ ಮೇಲೇರಿದಂತೆ ಸಾರಾಂಶ ಚಿಕ್ಕದಾಯಿತು, ಭಾಷೆ ಖಚಿತವಾಯಿತು.

ಸುಳ್ಳೋ, ತಪ್ಪೋ ಎಂಬ ಚರ್ಚೆ

ನಾಯಕರು ತಿಳಿದೂ ಸುಳ್ಳು ಹೇಳಿದರೇ ಅಥವಾ ತಾವೇ ನಂಬಿದ್ದನ್ನು ಹೇಳಿದರೇ ಎಂಬುದು ಇಂದಿಗೂ ಚರ್ಚೆಯ ವಿಷಯ. ಯುದ್ಧವನ್ನು ವಿರೋಧಿಸಿದ ಕೆಲವು ದೇಶಗಳ ಗುಪ್ತಚರ ಸಂಸ್ಥೆಗಳೂ ಇರಾಕ್ ಬಳಿ ಅಸ್ತ್ರಗಳಿರಬಹುದೆಂದು ಶಂಕಿಸಿದ್ದವು ಎಂಬುದನ್ನು ಸಮರ್ಥಕರು ನೆನಪಿಸುತ್ತಾರೆ. ಯುದ್ಧದ ನಿರ್ಧಾರ ಮೊದಲೇ ಆಗಿತ್ತು, ಆಧಾರಗಳನ್ನು ಅನಂತರ ಹುಡುಕಲಾಯಿತು ಎಂಬುದು ವಿಮರ್ಶಕರ ವಾದ. ಬ್ಲೇರ್ 2002ರ ಜುಲೈ 28ರಂದೇ, ಏನೇ ಆಗಲಿ ಜೊತೆಗಿರುವುದಾಗಿ ಬುಷ್ ಅವರಿಗೆ ಬರೆದಿದ್ದ ಟಿಪ್ಪಣಿಯನ್ನು ಅವರು ಉದಾಹರಿಸುತ್ತಾರೆ. ಅಸ್ತ್ರಗಳಿವೆ ಎಂಬ ನಂಬಿಕೆ ಪ್ರಾಮಾಣಿಕವಾಗಿದ್ದಿರಬಹುದು. ಆದರೆ ಸಂದೇಹವೇ ಇಲ್ಲ ಎಂಬ ಮಾತಿಗೆ ಆಧಾರವಿರಲಿಲ್ಲ. ತನಿಖಾ ವರದಿಗಳನ್ನು ಒಟ್ಟಾಗಿ ಓದಿದಾಗ ಹೊರಡುವ ಅರ್ಥ ಇದು.

ಪರಿಣಾಮಗಳು

ಅಮೆರಿಕವು 2004ರ ಡಿಸೆಂಬರ್‌ನ ಕಾನೂನಿನ ಮೂಲಕ ರಾಷ್ಟ್ರೀಯ ಗುಪ್ತಚರ ನಿರ್ದೇಶಕರ ಹುದ್ದೆಯನ್ನು ಸೃಷ್ಟಿಸಿತು. ಅಂದಾಜುಗಳಲ್ಲಿ ಮೂಲಗಳ ಗುಣಮಟ್ಟವನ್ನೂ ವಿಶ್ವಾಸದ ಮಟ್ಟವನ್ನೂ ಸ್ಪಷ್ಟವಾಗಿ ನಮೂದಿಸುವ ನಿಯಮಗಳು ಜಾರಿಗೆ ಬಂದವು. ಇರಾನ್ 2003ರಲ್ಲೇ ಅಸ್ತ್ರ ವಿನ್ಯಾಸದ ಕೆಲಸ ನಿಲ್ಲಿಸಿದೆಯೆಂದು 2007ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಂದಾಜು, ಪ್ರತಿಯೊಂದು ತೀರ್ಮಾನದಲ್ಲಿ ತನಗಿರುವ ವಿಶ್ವಾಸದ ಮಟ್ಟವನ್ನು ವಿವರಿಸುವ ಪದ್ಧತಿಗೆ ಉದಾಹರಣೆ. ಬ್ರಿಟನ್ನಿನಲ್ಲಿಯೂ ಗುಪ್ತಚರ ವಿಶ್ಲೇಷಣೆಗೆ ಪ್ರತ್ಯೇಕ ವೃತ್ತಿ ಮುಖ್ಯಸ್ಥರನ್ನು ನೇಮಿಸಲಾಯಿತು.

ಜನರ ವಿಶ್ವಾಸವನ್ನು ಮರಳಿ ಪಡೆಯುವುದು ಇದಕ್ಕಿಂತ ಕಷ್ಟವಾಯಿತು. ಸಿರಿಯಾದಲ್ಲಿ ನಡೆದ ರಾಸಾಯನಿಕ ದಾಳಿಯ ನಂತರ ಸೇನಾ ಕ್ರಮಕ್ಕಾಗಿ ಬ್ರಿಟನ್ ಸರಕಾರ ತಂದ ಗೊತ್ತುವಳಿಯನ್ನು ಕಾಮನ್ಸ್ ಸಭೆ 2013ರ ಆಗಸ್ಟ್ 29ರಂದು 285–272 ಮತಗಳಿಂದ ತಿರಸ್ಕರಿಸಿತು. ಇರಾಕಿನ ಅನುಭವವು ಸಾರ್ವಜನಿಕ ವಿಶ್ವಾಸವನ್ನು ಕೆಡಿಸಿದೆಯೆಂದು ಪ್ರಧಾನಿ ಡೇವಿಡ್ ಕ್ಯಾಮೆರಾನ್ ಸ್ವತಃ ಅಂದು ಒಪ್ಪಿಕೊಂಡರು. ಆ ಬಾರಿ ವಿಷಾನಿಲ ನಿಜವಾಗಿತ್ತು. ಸರೀನ್ ಬಳಕೆಯನ್ನು ವಿಶ್ವಸಂಸ್ಥೆಯ ತಪಾಸಕರು ಮುಂದಿನ ತಿಂಗಳು ದೃಢಪಡಿಸಿದರು.

ರಷ್ಯಾ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿಗೆ ಸಜ್ಜಾಗಿದೆಯೆಂದು 2021ರ ಕೊನೆಯಿಂದ ಅಮೆರಿಕ ಮತ್ತು ಬ್ರಿಟನ್ ಗುಪ್ತಚರ ಮಾಹಿತಿಯನ್ನು ಬಹಿರಂಗಪಡಿಸುತ್ತ ಎಚ್ಚರಿಸಿದಾಗಲೂ ಇರಾಕಿನ ನೆನಪು ಅಡ್ಡಬಂದಿತು. ಪತ್ರಕರ್ತರು ಸಾಕ್ಷ್ಯ ಕೇಳಿದರು. ಯುರೋಪಿನ ಕೆಲವು ಸರಕಾರಗಳು ನಂಬಲಿಲ್ಲ. 2022ರ ಫೆಬ್ರವರಿ 24ರಂದು ದಾಳಿ ಆರಂಭವಾದಾಗ ಜರ್ಮನಿಯ ಬಿಎನ್‌ಡಿ ಮುಖ್ಯಸ್ಥ ಬ್ರೂನೊ ಕಾಲ್ ಕೀವ್ ನಗರದಲ್ಲೇ ಇದ್ದು, ರಸ್ತೆ ಮಾರ್ಗವಾಗಿ ಹೊರಬರಬೇಕಾಯಿತು. ಆ ಎಚ್ಚರಿಕೆ ನಿಜವಾಯಿತು. 2003ರಲ್ಲಿ ತಪ್ಪು ಮಾಹಿತಿಯನ್ನು ಅತಿಯಾದ ಖಚಿತತೆಯಿಂದ ಹೇಳಿದ್ದರ ಬೆಲೆಯನ್ನು ಸುಮಾರು ಎರಡು ದಶಕಗಳ ನಂತರ ಸರಿಯಾದ ಮಾಹಿತಿ ತೆರಬೇಕಾಯಿತು.

ಇವನ್ನೂ ನೋಡಿ

ಇರಾಕ್ ಯುದ್ಧ
ಸದ್ದಾಂ ಹುಸೇನ್
ವಿಶ್ವಸಂಸ್ಥೆಯ ಭದ್ರತಾ ಮಂಡಳಿ
ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ
ಹಲಬ್ಜಾ ರಾಸಾಯನಿಕ ದಾಳಿ